30 ಇಂಚಿನ ಮೇಜು ಯಾರ ಅಳತೆ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ, ಮನೆಯ ಮೂಲೆಯೊಂದನ್ನು ಕರಕುಶಲ ಕೆಲಸಕ್ಕೆ ಸಜ್ಜು ಮಾಡಿಕೊಳ್ಳುವುದು ಹೇಗೆ ಅಂತ ಒಂದು ಲೇಖನ ಬಂದಿತ್ತು. ಚೆನ್ನಾಗಿಯೇ ಇತ್ತು. ಡಬ್ಬಿಗಳಿಗೆ ಚೀಟಿ ಅಂಟಿಸುವುದು, ಗೋಡೆಗೆ ಹಲಗೆ ಹೊಡೆದು ಇಕ್ಕಳ, ಕತ್ತರಿ ನೇತುಹಾಕುವುದು, ಕಿಟಕಿಯ ಬೆಳಕು, ಎಲ್ಲಕ್ಕೂ ಒಂದೊಂದು ಪ್ಯಾರಾ ಕೊಟ್ಟಿದ್ದರು. ಮೇಜಿಗೆ ಮಾತ್ರ ಒಂದೇ ಸಾಲು: ‘30 ಇಂಚು ಎತ್ತರದ ಮೇಜು, ಒಂದು ಆರಾಮದ ಕುರ್ಚಿ ಇದ್ದರೆ ಸಾಕು.’ ಓದಿದ ಕೂಡಲೇ ನನ್ನ ಕೈ ತಾನಾಗಿ ಕತ್ತಿನ ಹಿಂಭಾಗಕ್ಕೆ ಹೋಯಿತು ಅಂದರೆ ನೀವು ನಗಬಹುದು. ಆ 30 ಇಂಚಿನ ಮೇಜಿನ ಮುಂದೆ ಹನ್ನೊಂದು ವರ್ಷ ಕೂತವಳು ನಾನು. ಅದಕ್ಕೇ ಈ ಪತ್ರ. ಉದ್ದವಾಯಿತು ಅನ್ನಿಸಿದರೆ ಕತ್ತರಿ ಹಾಕಿ. ಅಳತೆಗಳನ್ನು ಮಾತ್ರ ಉಳಿಸಿ.

ನನ್ನದು ಬೆಳ್ಳಿ ಕೆಲಸ. ತಗಡಿನಲ್ಲಿ ಸಣ್ಣ ಗರಗಸದಿಂದ ಚಿತ್ತಾರ ಕೊರೆಯುವುದು, ಅರ ಹಾಕುವುದು, ಬೆಸುಗೆ, ಮೆರುಗು. ವಯಸ್ಸು 57. ಎತ್ತರ 5 ಅಡಿ 1 ಇಂಚು. ವಯಸ್ಸು ಬೇಡದಿದ್ದರೂ ಎತ್ತರ ಈ ಪತ್ರಕ್ಕೆ ಬೇಕು, ಮುಂದಿನ ಲೆಕ್ಕವೆಲ್ಲ ಅದರ ಮೇಲೇ ನಿಂತಿದೆ.

ಶುರುವಿನಲ್ಲಿ ಮನೆಯಲ್ಲಿದ್ದ ಬರೆಯುವ ಮೇಜೇ ನನ್ನ ಕೆಲಸದ ಮೇಜಾಯಿತು. 30 ಇಂಚು. ಅದರ ಜೊತೆಗೆ ಬಂದ ಕುರ್ಚಿಯ ಆಸನ 18 ಇಂಚು. ಕೂತರೆ ನನ್ನ ಪಾದ ನೆಲಕ್ಕೆ ಪೂರಾ ತಾಗುತ್ತಿರಲಿಲ್ಲ; ಹೆಬ್ಬೆರಳ ತುದಿ ಮಾತ್ರ ಮುಟ್ಟುತ್ತಿತ್ತು. ಹಾಗಾಗಿ ಆಸನದ ಮುಂದಿನ ಅಂಚಿಗೆ ಜಾರಿ ಜಾರಿ ಕೂರುತ್ತಿದ್ದೆ, ಬೆನ್ನಿಗೆ ಒರಗಿದ್ದೇ ಇಲ್ಲ. ಗರಗಸದ ಅಲಗು ಕೂದಲೆಳೆಯಷ್ಟು ತೆಳ್ಳಗಿರುತ್ತದೆ, ಗೆರೆ ಬಿಟ್ಟು ಒಂದಿಷ್ಟು ಆಚೀಚೆ ಹೋದರೂ ಚಿತ್ತಾರ ಕೆಟ್ಟಿತು. ಕಣ್ಣು ಹತ್ತಿರ ಹೋಗಲೇಬೇಕು. ಮೇಜು ಮೇಲೆ ಬರುವುದಿಲ್ಲ, ಆದ್ದರಿಂದ ನಾನು ಕೆಳಗೆ ಹೋಗುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಎರಡು ಭುಜಗಳ ನಡುವೆ ಯಾರೋ ಮೊಳೆ ಹೊಡೆದಂತೆ. ಸಂಜೆ ತಲೆ ಎತ್ತಿದರೆ ಕತ್ತಿನಲ್ಲಿ ಕಟಕ್ ಅಂತ ಸದ್ದು. ಕೊನೆಯ ವರ್ಷಗಳಲ್ಲಿ ಬಲಗೈ ಹೆಬ್ಬೆರಳು ಜೋಮು ಹಿಡಿಯತೊಡಗಿತು. ಡಾಕ್ಟರರಿಗೆ ತೋರಿಸಿದೆ. ಮುಲಾಮು ಬರೆದುಕೊಟ್ಟು, ‘ಈ ಕೆಲಸ ಮಾಡೋರಿಗೆ ಇದೆಲ್ಲ ಇದ್ದದ್ದೇ ಅಮ್ಮ’ ಅಂದರು. ಯಾವ ಮೇಜಿನ ಮೇಲೆ, ಹೇಗೆ ಕೂತು ಮಾಡುತ್ತೀರಿ ಅಂತ ಅವರೂ ಕೇಳಲಿಲ್ಲ, ನನಗೂ ಹೇಳಬೇಕು ಅನ್ನಿಸಲಿಲ್ಲ.

ಇದ್ದದ್ದೇ ಅನ್ನುವ ಮಾತೇನೋ ಸುಳ್ಳಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಜ್ಜೀನಿ 1700ರಲ್ಲೇ ಕಸುಬುದಾರರ ಕಾಯಿಲೆಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದವರು. ದಿನವಿಡೀ ಬಗ್ಗಿ ಕೂರುವ ಚಮ್ಮಾರರು, ದರ್ಜಿಗಳು ಗೂನುಬೆನ್ನಾಗುವುದನ್ನು ಅವರು ಆಗಲೇ ಗುರುತಿಸಿದ್ದರು. ರೋಗಿ ಬಂದರೆ ‘ನಿನ್ನ ಕೆಲಸವೇನು’ ಅಂತಲೂ ಕೇಳಿ ಎಂದು ವೈದ್ಯರಿಗೆ ಹೇಳಿಕೊಟ್ಟವರೂ ಅವರೇ. ಮುನ್ನೂರು ವರ್ಷ ದಾಟಿದರೂ ನನಗೆ ಸಿಕ್ಕಿದ್ದು ಮುಲಾಮು.

ದಾರಿ ಕಂಡಿದ್ದು ನಮ್ಮ ಯಜಮಾನರಿಂದ. ಅವರದು ಮರದ ಕೆಲಸ, ಎತ್ತರ 5 ಅಡಿ 10 ಇಂಚು. ಒಂದು ದಿನ ನಾನು ಕೆಲಸ ಮಾಡುವುದನ್ನು ಪಕ್ಕದಿಂದ ನೋಡುತ್ತಾ ನಿಂತಿದ್ದವರು, ‘ನೀನು ಮೇಜಿನ ಮುಂದೆ ಕೂತಿಲ್ಲ ಕಣೇ, ಮೇಜಿನ ಒಳಗೆ ಇಳೀತಾ ಇದ್ದೀಯ’ ಅಂದರು. ಆಮೇಲೆ ಪೆನ್ಸಿಲು, ಅಳತೆ ಟೇಪು ತಂದು ನನ್ನನ್ನು ಗೋಡೆಯ ಪಕ್ಕ ಒಂದು ಸ್ಟೂಲಿನ ಮೇಲೆ ಕೂರಿಸಿದರು. ಸ್ಟೂಲಿನ ಎತ್ತರ 16 ಇಂಚು. ಚಪ್ಪಲಿ ಹಾಕಿಕೊಂಡರೆ ನನ್ನ ಮೊಣಕಾಲಿನ ಹಿಂಬದಿಯೂ ನೆಲದಿಂದ ಸರಿಯಾಗಿ ಅಷ್ಟೇ. ಪಾದ ಪೂರಾ ನೆಲಕ್ಕೆ ಊರಿತ್ತು. ‘ಭುಜ ಬಿಡು, ಇನ್ನೂ ಬಿಡು, ನೀನು ಬಿಟ್ಟೇ ಇಲ್ಲ’ ಅಂತ ಮೂರು ಸಲ ಹೇಳಿಸಿಕೊಂಡೆ. ಭುಜ ಎತ್ತಿ ಹಿಡಿಯುವುದು ಅಷ್ಟು ಅಭ್ಯಾಸವಾಗಿಬಿಟ್ಟಿತ್ತು. ಮೊಣಕೈ ಮಡಚಿದ ಜಾಗಕ್ಕೆ ಒಂದು ಗೆರೆ: 25 ಇಂಚು. ನೇರ ನೋಡುವಾಗ ಕಣ್ಣಿನ ಮಟ್ಟಕ್ಕೆ ಇನ್ನೊಂದು ಗೆರೆ: 43 ಇಂಚೂವರೆ. ಆಮೇಲೆ ಎದ್ದು ನಿಲ್ಲಿಸಿ ಮೊಣಕೈಗೆ ಮತ್ತೊಂದು: 38. ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದಾಗ ಗೆಣ್ಣು ಬರುವ ಜಾಗಕ್ಕೆ ಕೊನೆಯದು: 26.

ಗೋಡೆಯ ಮೇಲೆ ನಾಲ್ಕು ಗೆರೆ. ಅವುಗಳ ಪಕ್ಕಕ್ಕೆ ನನ್ನ 30 ಇಂಚಿನ ಮೇಜನ್ನು ತಂದು ನಿಲ್ಲಿಸಿದರೆ ಅದು ಯಾವ ಗೆರೆಗೂ ಕೂಡಿಬರಲಿಲ್ಲ. ನಾನು ಕೂರಬೇಕಾದ ಸ್ಟೂಲಿನಲ್ಲಿ ಕೂತರೆ ಅದು ಮೊಣಕೈಗಿಂತ 5 ಇಂಚು ಮೇಲೆ. ಸುತ್ತಿಗೆ ಎತ್ತಲು ತೀರಾ ಎತ್ತರ. ಗರಗಸ ಹಿಡಿದರೆ ಕಣ್ಣಿನಿಂದ ತೀರಾ ದೂರ. ಒಂದೇ ಮೇಜು ಒಬ್ಬಳೇ ಮನುಷ್ಯಳಿಗೆ ಒಂದು ಕೆಲಸಕ್ಕೆ ಎತ್ತರವಾಗಿ, ಇನ್ನೊಂದಕ್ಕೆ ತಗ್ಗಾಗಿ ಇರಬಹುದು ಅನ್ನುವುದು ನನಗೆ ಹೊಳೆದದ್ದು ಆವತ್ತು.

ಆಮೇಲೆ ಓದಿ ತಿಳಿದ ಮಾತು. ಸ್ವಿಟ್ಜರ್ಲೆಂಡಿನ ಪ್ರಾಧ್ಯಾಪಕ ಎಟಿಯೆನ್ ಗ್ರಾಂಜಾನ್, ನಿಂತು ಮಾಡುವ ಕೆಲಸಕ್ಕೆ ಮೇಜಿನ ಎತ್ತರವನ್ನು ಮೊಣಕೈಯಿಂದಲೇ ಲೆಕ್ಕ ಹಾಕಿ ಕೊಟ್ಟಿದ್ದಾರೆ. ಕಣ್ಣಿಟ್ಟು ಮಾಡುವ ನಾಜೂಕು ಕೆಲಸಕ್ಕೆ ಮೊಣಕೈಗಿಂತ 5ರಿಂದ 10 ಸೆಂಟಿಮೀಟರ್ ಮೇಲೆ. ಕೈಯಿಂದ ಮಾಡುವ ಹಗುರ ಕೆಲಸಕ್ಕೆ 10ರಿಂದ 15 ಸೆಂಟಿಮೀಟರ್ ಕೆಳಗೆ. ಮೈಭಾರ ಹಾಕಿ ಒತ್ತುವ, ತಳ್ಳುವ ಕೆಲಸಕ್ಕೆ 15ರಿಂದ 40 ಸೆಂಟಿಮೀಟರ್ ಕೆಳಗೆ. ನೋಡಿ, ಮೇಲಿನ 10ರಿಂದ ಕೆಳಗಿನ 40ರ ತನಕ ಅರ್ಧ ಮೀಟರ್ ವ್ಯತ್ಯಾಸ ಬರುತ್ತದೆ, ಅದೂ ಒಬ್ಬನೇ ಮನುಷ್ಯನಿಗೆ! ‘30 ಇಂಚು ಸಾಕು’ ಅನ್ನುವ ಮಾತು ಇದರಲ್ಲಿ ಎಲ್ಲಿ ಕೂರುತ್ತದೆ?

ಮರದ ಕೆಲಸದಲ್ಲಿ ಇದು ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ನಮ್ಮ ಯಜಮಾನರು ಕೀಸುಳಿ ಹೊಡೆಯುವ ಬೆಂಚು 33 ಇಂಚು. ಅವರ ಮೊಣಕೈ 44. ಅಂದರೆ 11 ಇಂಚು ಕೆಳಗೆ. ಕೀಸುಳಿಯನ್ನು ತಳ್ಳುವುದು ತೋಳಲ್ಲ, ಸೊಂಟ ಮತ್ತು ಕಾಲು. ಮೈ ಮುಂದೆ ವಾಲಿ ಭಾರ ಮರದ ಮೇಲೆ ಬೀಳಬೇಕಾದರೆ ಬೆಂಚು ತಗ್ಗಿರಬೇಕು. ಅದೇ ಬೆಂಚಿನ ಮೇಲೆ ಅವರು ಉಳಿ ಹಿಡಿದು ಬಳ್ಳಿ, ಎಲೆ ಕೆತ್ತಲು ಕೂತರೆ, ಅಲ್ಲಲ್ಲ, ನಿಂತರೆ, ಪ್ರಶ್ನಾರ್ಥಕ ಚಿಹ್ನೆ ಥರ ಆಗಿಬಿಡುತ್ತಿದ್ದರು. ಹೆಂಡತಿಗೆ ಗೋಡೆಯ ಮೇಲೆ ಗೆರೆ ಎಳೆದ ಮಹಾನುಭಾವರಿಗೆ ತಮ್ಮ ಬೆಂಚು ಕಾಣಲು ಇನ್ನೊಂದು ವರ್ಷ ಬೇಕಾಯಿತು. ಕೊನೆಗೆ ಬೆಂಚಿನ ಮೇಲೆ ಒಂದು ಮರಿ ಬೆಂಚು ಮಾಡಿ ಕೂರಿಸಿದರು, 9 ಇಂಚಿನದು. ಕೆಳಗೆ ಎರಡು ಕ್ಲಾಂಪು ಬಿಗಿದರೆ ಅಲುಗುವುದಿಲ್ಲ. ಕೆತ್ತನೆಯ ದಿನ 42 ಇಂಚು, ಕೀಸುಳಿಯ ದಿನ ಅದನ್ನು ಎತ್ತಿ ಗೋಡೆಗೆ ಆನಿಸಿಟ್ಟರಾಯಿತು. ಮನೆಯಲ್ಲಿ ಎರಡು ಬೆಂಚಿಗೆ ಜಾಗವಿಲ್ಲದವರು ಇದನ್ನು ಮಾಡಿಕೊಳ್ಳಬಹುದು. ವೈಸಿನಲ್ಲಿ, ಅಂದರೆ ವಸ್ತುವನ್ನು ಕಚ್ಚಿ ಹಿಡಿಯುವ ಬೆಂಚಿನ ಇಕ್ಕಳದಲ್ಲಿ, ಬಿಗಿದು ಅರ ಹಾಕುವವರಿಗೆ ವೈಸಿನ ಬಾಯಿ ನಿಂತ ಮೊಣಕೈ ಮಟ್ಟಕ್ಕೆ ಬಂದರೆ ಅರ ಅಡ್ಡಡ್ಡ ಸಮನಾಗಿ ಓಡುತ್ತದೆ. ಕಮ್ಮಾರರು ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು ಮಾತ್ರ ಗೆಣ್ಣಿನ ಮಟ್ಟಕ್ಕೆ, ಯಾಕೆಂದರೆ ಅಲ್ಲಿ ಸುತ್ತಿಗೆ ಬೀಳಲು ದೂರ ಬೇಕು.

ನನ್ನ ಮೇಜಿನ ಕತೆಗೆ ಬರುತ್ತೇನೆ. ಬೆಳ್ಳಿ ಬಂಗಾರದ ಸಣ್ಣ ಕೆಲಸದ ಮೇಜುಗಳು ಕೂತವರ ಎದೆಯ ಮಟ್ಟಕ್ಕೆ ಇರುತ್ತವೆ. ಮೇಜಿನ ಅಂಚಿನಲ್ಲಿ ಅರ್ಧಚಂದ್ರಾಕಾರದ ಕಚ್ಚು, ನಡುವೆ ಮುಂದಕ್ಕೆ ಚಾಚಿದ ಒಂದು ಮರದ ನಾಲಿಗೆ. ಆ ನಾಲಿಗೆಯ ಮೇಲೆ ತಗಡು ಇಟ್ಟು ಕೊರೆಯುತ್ತೇವೆ. ಕಚ್ಚಿನ ಎರಡು ತೋಳುಗಳ ಮೇಲೆ ನಮ್ಮ ಮುಂಗೈ ಒರಗುತ್ತದೆ. ಇದನ್ನು ಮರೆತು ಮೇಜನ್ನು ಬರೀ ಎತ್ತರ ಮಾಡಿದರೆ ಭುಜ ಸೋಲುತ್ತದೆ, ಏಕೆಂದರೆ ಕೈ ಗಾಳಿಯಲ್ಲಿ ನಿಲ್ಲಬೇಕು. ಮುಂಗೈಗೆ ಆಸರೆ ಸಿಕ್ಕರೆ ಎದೆಯ ಎತ್ತರವೂ ಹಾಯೆನಿಸುತ್ತದೆ. ನಾನು ಹಳೆಯ ಮೇಜಿನ ನಾಲ್ಕು ಕಾಲಿನಡಿ 3 ಇಂಚಿನ ಮರದ ತುಂಡು ಕೊಟ್ಟು 33ಕ್ಕೆ ಏರಿಸಿದೆ, ಅಂಚಿಗೆ ನಾಲಿಗೆ ಬಿಗಿದೆ, ಎರಡು ಪಕ್ಕ ಮುಂಗೈ ಒರಗಲು ಹಲಗೆ ಹೊಡೆದೆ. ಮೊದಲ ವಾರವೇ ಒಂದು ತುಂಡು ಜಾರಿತು. ಬೆಸುಗೆ ಹಾಕಿ ಆರಿಸಲು ಇಟ್ಟಿದ್ದ ಓಲೆ, ಆಮ್ಲದ ಬಟ್ಟಲು, ಅರಗಳ ಡಬ್ಬಿ ಒಟ್ಟಿಗೆ ನೆಲಕ್ಕೆ. ಪುಣ್ಯಕ್ಕೆ ಆಮ್ಲ ಕಾಲಿನ ಮೇಲೆ ಬೀಳಲಿಲ್ಲ. ಚಪ್ಪಟೆ ತುಂಡಿನ ಮೇಲೆ ಮೇಜಿನ ಕಾಲು ನಿಲ್ಲಿಸಬೇಡಿ. ತುಂಡಿನ ನಡುವೆ ಮೇಜಿನ ಕಾಲು ಕೂರುವಷ್ಟು ಒಂದು ಇಂಚು ಆಳದ ಗುಳಿ ತೋಡಿಸಿ, ತುಂಡಿನ ಎತ್ತರ ಆ ಲೆಕ್ಕಕ್ಕೆ ಒಂದು ಇಂಚು ಜಾಸ್ತಿ ಇರಲಿ. ಅರ ಹಾಕುವಾಗ ಮೇಜು ಹಿಂದೆ ಮುಂದೆ ತೂಗಿದರೆ ಅರ್ಧ ಶಕ್ತಿ ಮೇಜಿಗೇ ಹೋಗುತ್ತದೆ. ನಾನು ಅದನ್ನು ಗೋಡೆಗೆ ಎರಡು ಕಬ್ಬಿಣದ ಕೋನಪಟ್ಟಿಯಿಂದ ಬಿಗಿದಿದ್ದೇನೆ.

ಮೇಜಿನಡಿ ಒಂದು 5 ಇಂಚಿನ ಡ್ರಾಯರ್ ಇತ್ತು. ಅದು ತೊಡೆಗೆ ತಾಗುತ್ತಿತ್ತು, ಅದಕ್ಕೇ ಅಷ್ಟು ವರ್ಷ ಕುರ್ಚಿಯನ್ನು ಒಳಗೆ ಎಳೆದುಕೊಳ್ಳಲು ಆಗದೆ ದೂರದಿಂದ ಬಾಗುತ್ತಿದ್ದೆ ಅಂತ ಅದನ್ನು ಕಿತ್ತ ಮೇಲೆ ಗೊತ್ತಾಯಿತು. ಮೇಜು ಕೊಳ್ಳುವವರು ಎಲ್ಲರೂ ಮೇಲ್ಮೈ ನೋಡುತ್ತಾರೆ, ಅಡಿಗೆ ಕಾಲು ತೂರಿಸಿ ನೋಡುವುದಿಲ್ಲ. ಈಗ ಅಲ್ಲಿ ಒಂದು ಮೆತ್ತನೆ ಚರ್ಮ ಇಳಿಬಿದ್ದಿದೆ, ಬೆಳ್ಳಿಯ ಪುಡಿ ಅದರಲ್ಲಿ ಬೀಳುತ್ತದೆ, ತೊಡೆಗೆ ತಾಗಿದರೂ ನೋವಿಲ್ಲ.

ಸುತ್ತಿಗೆ ಕೆಲಸವನ್ನು ಆ ಮೇಜಿನಿಂದ ಪೂರಾ ತೆಗೆದೆ. ಒಂದು ಮರದ ಕೊರಡು, ಅದರ ಮೇಲೆ ಸಣ್ಣ ಅಡಿಗಲ್ಲು, ಎರಡೂ ಸೇರಿ 22 ಇಂಚು. ಕೂತ ಮೊಣಕೈಗಿಂತ 3 ಇಂಚು ಕೆಳಗೆ. ಸುತ್ತಿಗೆ ಈಗ ತನ್ನ ತೂಕದಲ್ಲೇ ಬೀಳುತ್ತದೆ, ನಾನು ಎತ್ತುವುದಷ್ಟೇ. ಬೆಸುಗೆಗೆ ಬೇರೆಯೇ ಜಾಗ. ಎದೆಯ ಮಟ್ಟದ ಮೇಜಿನಲ್ಲಿ ಬೆಸುಗೆ ಹಾಕಿದರೆ ಹೊಗೆ ನೇರ ಮೂಗಿಗೆ, ಉರಿ ಮುಖದ ಹತ್ತಿರಕ್ಕೆ. ಕಿಟಕಿಯ ಪಕ್ಕ 34 ಇಂಚಿನ ಒಂದು ಕಟ್ಟೆಯ ಮುಂದೆ ನಿಂತುಕೊಂಡು ಮಾಡುತ್ತೇನೆ. ಗಂಟೆಗೊಮ್ಮೆ ಹೇಗೂ ಏಳಬೇಕಾಗುತ್ತದೆ. ಎಷ್ಟೇ ಚೆಂದದ ಸ್ಟೂಲಾದರೂ ಅದರ ಮೇಲೆ ಮೂರು ಗಂಟೆ ಮಿಸುಕಾಡದೆ ಕೂತರೆ ಸೊಂಟ ಮರಗಟ್ಟುತ್ತದೆ, ಆ ನೋವಿಗೆ ಅಳತೆಯ ಮದ್ದಿಲ್ಲ. ನಿಂತಾಗ ಒಂದು ಕಾಲನ್ನು ಇಡಲು ಕಟ್ಟೆಯಡಿ 5 ಇಂಚಿನ ಮಣೆಯಿದೆ. ಒಮ್ಮೆ ಎಡಗಾಲು, ಒಮ್ಮೆ ಬಲಗಾಲು.

ಇಷ್ಟೆಲ್ಲ ಆದ ಮೇಲೆ ಆರೇಳು ವರ್ಷ ಸುಖವಾಗಿದ್ದೆ. ಹೆಬ್ಬೆರಳ ಜೋಮು ಹೋಯಿತು. ಆಮೇಲೆ ಕಣ್ಣು ಕೈಕೊಟ್ಟಿತು, ನಲವತ್ತು ದಾಟಿದ ಎಲ್ಲರಿಗೂ ಆಗುವಂತೆ. ತಲೆಗೆ ಕಟ್ಟಿಕೊಳ್ಳುವ ಭೂತಗನ್ನಡಿ ತರಿಸಿದೆ. ಜಾಸ್ತಿ ದೊಡ್ಡದಾಗಿ ಕಂಡರೆ ಜಾಸ್ತಿ ಒಳ್ಳೆಯದು ಅಂದುಕೊಂಡು ಎರಡೂವರೆ ಪಟ್ಟಿನದನ್ನೇ ಆರಿಸಿದೆ. ಮೂರು ತಿಂಗಳಲ್ಲಿ ಕತ್ತು ನೋವು ವಾಪಸ್. ಮೇಜು ಅದೇ, ಸ್ಟೂಲು ಅದೇ, ಕೂರುವ ರೀತಿಯೂ ಅದೇ ಅಂತ ನನ್ನ ನಂಬಿಕೆ. ಮತ್ತೆ ಗೋಡೆಯ ಪಕ್ಕ ಕೂತು ಅಳೆಸಿಕೊಂಡಾಗ ಗುಟ್ಟು ರಟ್ಟಾಯಿತು. ಎರಡೂವರೆ ಪಟ್ಟಿನ ಗಾಜಿಗೆ ವಸ್ತು ಸುಮಾರು 8 ಇಂಚು ದೂರದಲ್ಲಿದ್ದರೆ ಮಾತ್ರ ಸ್ಪಷ್ಟ. ನನ್ನ ಕಣ್ಣಿನಿಂದ ಮರದ ನಾಲಿಗೆಯ ತುದಿಗೆ ಇರುವುದು ಸುಮಾರು 13. ಉಳಿದ 5 ಇಂಚನ್ನು ಯಾರು ತುಂಬಬೇಕು? ಕತ್ತು. ಹೆಚ್ಚು ಪಟ್ಟಿನ ಗಾಜು ಅಂದರೆ ಕಡಿಮೆ ದೂರ, ಇದು ಗಾಜಿನ ಸ್ವಭಾವ. ಹತ್ತು ಪಟ್ಟಿನ ಕೈಗಾಜಿಗೆ ವಸ್ತುವನ್ನು ಒಂದು ಇಂಚಿನಷ್ಟು ಹತ್ತಿರ ತರಬೇಕು. ಈಗ ನಾನು ಹಾಕುವುದು ಒಂದೂಮುಕ್ಕಾಲು ಪಟ್ಟಿನದು, ಅದರ ದೂರ ಸುಮಾರು 14 ಇಂಚು. ಸ್ವಲ್ಪ ಸಣ್ಣದಾಗಿ ಕಾಣುತ್ತದೆ, ಆದರೆ ತಲೆ ನೇರ ಇರುತ್ತದೆ. ಎರಡೂವರೆ ಪಟ್ಟಿನದು ಪರೀಕ್ಷೆಗೆ ಮಾತ್ರ, ಅದೂ ವಸ್ತುವನ್ನು ಕೈಯಲ್ಲಿ ಎತ್ತಿ ಹಿಡಿದು.

ತಲೆಯ ಭಾರದ ಲೆಕ್ಕ ಗೊತ್ತಿರಲಿ. ಅಮೆರಿಕದ ಬೆನ್ನುಮೂಳೆ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ನೇರ ಇದ್ದಾಗ ಸುಮಾರು 5 ಕಿಲೋ ಇರುವ ತಲೆ, 15 ಡಿಗ್ರಿ ಬಾಗಿದರೆ ಕತ್ತಿನ ಮೇಲೆ 12 ಕಿಲೋದಷ್ಟು, 30 ಡಿಗ್ರಿಗೆ 18, 60 ಡಿಗ್ರಿಗೆ 27 ಕಿಲೋದಷ್ಟು ಹೊರೆ ಹಾಕುತ್ತದೆ. ಅವರು ಲೆಕ್ಕ ಹಾಕಿದ್ದು ಮೊಬೈಲ್ ನೋಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು. ಮಣಿ ಪೋಣಿಸುವವರ, ಕಸೂತಿ ಹಾಕುವವರ, ಗಡಿಯಾರ ರಿಪೇರಿಯವರ ಕತ್ತು ಮೊಬೈಲ್ ಹುಟ್ಟುವ ಮೊದಲಿನಿಂದಲೂ ಇದೇ ಹೊರೆ ಹೊತ್ತಿದೆ.

ಕನ್ನಡಕದ ಇನ್ನೊಂದು ಮಾತು. ಮೇಲೆ ದೂರದ್ದು, ಕೆಳಗೆ ಹತ್ತಿರದ್ದು ಇರುವ ಕನ್ನಡಕ ಹಾಕಿ ಎದೆಮಟ್ಟದ ಮೇಜಿನಲ್ಲಿ ಕೆಲಸ ಮಾಡಿದರೆ, ಕೆಳಗಿನ ಗಾಜಿನಿಂದ ನೋಡಲು ಗದ್ದ ಎತ್ತಬೇಕಾಗುತ್ತದೆ. ಕತ್ತು ಈ ಸಲ ಹಿಂದಕ್ಕೆ ಮುರಿಯುತ್ತದೆ. ಕೆಲಸಕ್ಕೆಂದೇ ಒಂದೇ ನಂಬರಿನ ಕನ್ನಡಕ ಮಾಡಿಸಿಕೊಳ್ಳಿ. ಕಣ್ಣಿನಿಂದ ಕೆಲಸದ ಜಾಗಕ್ಕೆ ಎಷ್ಟು ದೂರ ಅಂತ ಮನೆಯಲ್ಲೇ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕಣ್ಣು ಪರೀಕ್ಷೆ ಮಾಡುವವರು ಪುಸ್ತಕ ಓದುವ ದೂರಕ್ಕೆ ನಂಬರ್ ಕೊಟ್ಟುಬಿಡುತ್ತಾರೆ, ತಪ್ಪು ಅವರದಲ್ಲ, ನಾವು ಹೇಳುವುದಿಲ್ಲ.

ಕುರ್ಚಿಯ ಬಗ್ಗೆ ನನಗೆ ಕೊಂಚ ಮೊಂಡು ಅಭಿಪ್ರಾಯಗಳಿವೆ. ‘ಆರಾಮದ ಕುರ್ಚಿ’ ಅಂದರೆ ಜನ ಮೊದಲು ಮೆತ್ತೆ ಒತ್ತಿ ನೋಡುತ್ತಾರೆ. ದಪ್ಪ ಸ್ಪಂಜು ಕೂತ ಕೂಡಲೇ 2 ಇಂಚು ಕುಗ್ಗುತ್ತದೆ, ನೀವು ಅಳೆದ ಎತ್ತರ ಅಲ್ಲಿಗೆ ಮುಗಿಯಿತು. ಗಟ್ಟಿ ಹಲಗೆಯ ಮೇಲೆ ಒಂದು ಬೆರಳು ದಪ್ಪದ ಹಾಸು ಸಾಕು. ಆಸನದ ಮುಂದಿನ ಅಂಚು ಉರುಟಾಗಿರಲಿ, ಚೂಪಾದ ಅಂಚು ತೊಡೆಯ ಅಡಿ ಒತ್ತಿ ಕಾಲು ಜೋಮು ಹಿಡಿಸುತ್ತದೆ. ಪೂರಾ ಹಿಂದೆ ಸರಿದು ಕೂತಾಗ ಮಂಡಿಯ ಹಿಂದೆ ಮೂರು ಬೆರಳು ತೂರುವಷ್ಟು ಸಂದು ಬೇಕು. ಗಾಲಿಯ ಕುರ್ಚಿ ಬರೆಯುವವರಿಗೆ ಇರಲಿ. ನಾನು ಒಮ್ಮೆ ಮೋಹಕ್ಕೆ ಬಿದ್ದು ತಂದಿದ್ದೆ. ಅರವನ್ನು ಮುಂದೆ ಒತ್ತಿದಷ್ಟೂ ನಾನು ಹಿಂದೆ ಹೋಗುತ್ತಿದ್ದೆ. ಕಾಲಲ್ಲಿ ನೆಲ ಹಿಡಿದು ನಿಲ್ಲಿಸಿಕೊಳ್ಳುವುದರಲ್ಲೇ ಮೀನಖಂಡ ಸೋತಿತು. ನೆಲ ಏರುಪೇರಾಗಿದ್ದರೆ ಮೂರು ಕಾಲಿನ ಸ್ಟೂಲು ಒಳ್ಳೆಯದು, ಅದು ಎಂದೂ ತೊನೆಯುವುದಿಲ್ಲ.

ಒರಗುಬೆನ್ನು ಬೇಕೋ ಬೇಡವೋ? ಮುಂದೆ ವಾಲಿ ಮಾಡುವ ಕೆಲಸದಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ, ನಡುವೆ ಎರಡು ನಿಮಿಷ ಒರಗಲು ಚೆಂದ, ಅಷ್ಟೇ. ಅದಕ್ಕಿಂತ ಆಸನದ ಓರೆ ಮುಖ್ಯ. ಡೆನ್ಮಾರ್ಕಿನ ಶಸ್ತ್ರವೈದ್ಯ ಮಾಂಡಲ್ 1970ರ ದಶಕದಿಂದ ಇದನ್ನೇ ವಾದಿಸುತ್ತಾ ಬಂದವರು. ಸಮತಲದ ಆಸನದಲ್ಲಿ ತೊಡೆ ನೆಲಕ್ಕೆ ಸಮಾನಾಂತರವಾಗಿ ಕೂತಾಗ ಸೊಂಟದ ಕೀಲೊಂದೇ ಅಷ್ಟು ಮಡಚುವುದಿಲ್ಲ, ಉಳಿದದ್ದನ್ನು ಬೆನ್ನುಮೂಳೆ ತನ್ನ ಸಹಜ ಬಾಗು ಕಳೆದುಕೊಂಡು ತುಂಬಿಕೊಡುತ್ತದೆ. ಆಸನ ಮುಂದಕ್ಕೆ ಇಳಿಜಾರಾಗಿದ್ದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ ಅನ್ನುವುದು ಅವರ ಮಾತು. ತಿಗುರಿಯಲ್ಲಿ ಮಣ್ಣಿನ ಪಾತ್ರೆ ಮಾಡುವ ನನ್ನ ಗೆಳತಿಗೆ ಮಾಂಡಲ್ ಯಾರೆಂದು ಗೊತ್ತಿಲ್ಲ. ಅವಳು ತನ್ನ ಸ್ಟೂಲಿನ ಹಿಂದಿನ ಎರಡು ಕಾಲಿನಡಿ ಒಂದು ಇಂಚಿನ ಮರದ ಪಟ್ಟಿ ಇಟ್ಟುಕೊಂಡಿದ್ದಾಳೆ. ಸೊಂಟ ನೋಯುವವರು ಹೊಸ ಕುರ್ಚಿ ಕೊಳ್ಳುವ ಮೊದಲು ಅದನ್ನೊಂದು ವಾರ ಮಾಡಿ ನೋಡಲಿ. ಜಾಸ್ತಿ ಓರೆ ಮಾಡಿದರೆ ಮುಂದೆ ಜಾರುತ್ತೀರಿ, ಒಂದು ಇಂಚು ಸಾಕು.

ನೆಲದ ಮೇಲೆ ಕೂತು ಕೆಲಸ ಮಾಡುವವರು ಈ ಲೆಕ್ಕದಿಂದ ಹೊರಗಿಲ್ಲ. ಚಕ್ಕಳಮಕ್ಕಳ ಹಾಕಿ ಕೂತಾಗಲೂ ಆಸನದಿಂದ ಮೊಣಕೈಗೆ ಅದೇ 8–9 ಇಂಚು. ಆದ್ದರಿಂದ ಅವರ ಗಿಡ್ಡ ಮೇಜೂ ಸುಮಾರು ಅಷ್ಟರಲ್ಲೇ ಇರಬೇಕು, ನಾಜೂಕು ಕೆಲಸವಾದರೆ ಇನ್ನೂ ಕೊಂಚ ಮೇಲೆ. ಸೊಂಟದಡಿ ಮೂರು ಇಂಚಿನ ಗಟ್ಟಿ ದಿಂಬು ಹಾಕಿಕೊಂಡರೆ ಮಂಡಿಗಿಂತ ಸೊಂಟ ಮೇಲೆ ಬರುತ್ತದೆ, ಬೆನ್ನು ಗೂನಾಗುವುದಿಲ್ಲ. ದಿಂಬಿನಷ್ಟು ಮೇಜನ್ನೂ ಏರಿಸಿ. ಹಿಂದೆ ಯುರೋಪಿನ ದರ್ಜಿಗಳೂ ಹಲಗೆಯ ಮೇಲೆ ಹೀಗೆಯೇ ಕಾಲು ಮಡಚಿ ಕೂರುತ್ತಿದ್ದರಂತೆ. ಸೊಂಟದಿಂದ ಮಂಡಿಯ ಒಳಬದಿಗೆ ಓರೆಯಾಗಿ ಇಳಿಯುವ, ಮೈಯಲ್ಲೇ ಅತಿ ಉದ್ದದ ಸ್ನಾಯುವಿಗೆ ವೈದ್ಯರು ‘ಸಾರ್ಟೋರಿಯಸ್’ ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ‘ಸಾರ್ಟರ್’ ಅಂದರೆ ದರ್ಜಿ.

ಈಗ ನನ್ನ ನಿಜವಾದ ದೂರು. ನಾಲ್ಕು ವರ್ಷದಿಂದ ಒಂದು ತರಬೇತಿ ಕೇಂದ್ರದಲ್ಲಿ ವಾರಕ್ಕೆರಡು ದಿನ ಹೊಸಬರಿಗೆ ಕಲಿಸುತ್ತೇನೆ. ಹನ್ನೆರಡು ಮೇಜು, ಹನ್ನೆರಡು ಸ್ಟೂಲು, ಎಲ್ಲ ಒಂದೇ ಅಚ್ಚಿನವು. ಮೇಜು, ಹೌದು, 30 ಇಂಚು. ಸ್ಟೂಲು 18, ಏರಿಸಲೂ ಆಗದು ಇಳಿಸಲೂ ಆಗದು. ಮೊದಲ ಸಾಲಿನ ಹುಡುಗಿ ನನಗಿಂತ ಗಿಡ್ಡ, ಅವಳ ಕಾಲು ಸ್ಟೂಲಿನ ಅಡ್ಡಪಟ್ಟಿಗೆ ಗಿಣಿಯ ಹಾಗೆ ಸುತ್ತಿಕೊಂಡಿರುತ್ತದೆ. ಕೊನೆಯ ಸಾಲಿನ ಹುಡುಗ ಆರಡಿ ದಾಟಿದ್ದಾನೆ, ಅವನ ಮೂಗು ಗರಗಸದ ಚೌಕಟ್ಟಿಗೆ ತಾಗುತ್ತದೆ. ಇಬ್ಬರೂ ತಗಡು ಕೊರೆಯುವಾಗ ಅಲಗು ಮುರಿಯುತ್ತಾರೆ. ಕೈ ಒರಟು ಅಂತ ಅವರನ್ನು ಬೈದವರಿದ್ದಾರೆ. ನಾನು ನೋಡಿದಂತೆ, ಭುಜ ಎತ್ತಿಕೊಂಡವರ ಗರಗಸ ನೆಟ್ಟಗೆ ಇಳಿಯುವುದಿಲ್ಲ, ಓರೆಯಾಗುತ್ತದೆ, ಓರೆಯಾದ ಅಲಗು ಮುರಿಯುತ್ತದೆ. ಆ ಹುಡುಗನ ಮೇಜಿನಡಿ ತುಂಡು ಕೊಟ್ಟು 6 ಇಂಚು ಏರಿಸಿದ ದಿನ ಅವನು ಒಂದೇ ಅಲಗಿನಲ್ಲಿ ಇಡೀ ಎಲೆ ಕೊರೆದ.

ಮರುವಾರ ಹೋದರೆ ತುಂಡುಗಳು ಮಾಯ. ಕೇಳಿದರೆ, ‘ಮೇಡಂ, ಸಾಲು ಎತ್ತರ ತಗ್ಗಾಗಿ ಕಾಣುತ್ತೆ, ಫೋಟೊದಲ್ಲಿ ಚೆನ್ನಾಗಿ ಬರಲ್ಲ’ ಅಂದರು ಅಲ್ಲಿನವರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಚಪ್ಪಲಿಯನ್ನು ಒಂದೇ ಸೈಜಿನಲ್ಲಿ ಹನ್ನೆರಡು ಜೊತೆ ತರಿಸಿ ಎಲ್ಲರೂ ಹಾಕಿಕೊಳ್ಳಿ ಅಂದರೆ ಯಾರಾದರೂ ಒಪ್ಪುತ್ತಾರೆಯೇ?

ಒಂದೇ ಎತ್ತರದ ಮೇಜು ಕೊಳ್ಳುವುದು ಅನಿವಾರ್ಯವಾದರೆ ಅದಕ್ಕೂ ಒಂದು ಕ್ರಮವಿದೆ. ಮೇಜನ್ನು ಅತಿ ಎತ್ತರದವರ ಅಳತೆಗೆ ಕೊಳ್ಳಿ. ಗಿಡ್ಡಗಿರುವವರಿಗೆ ಏರಿಸಬಲ್ಲ ಸ್ಟೂಲು ಕೊಡಿ, ಸ್ಟೂಲು ಏರಿದಷ್ಟೂ ಕಾಲಡಿ ಮಣೆ ಕೊಡಿ. ಗಿಡ್ಡವರನ್ನು ಮೇಲೆತ್ತಬಹುದು, ಎತ್ತರದವರನ್ನು ಕೆಳಗಿಳಿಸಲು ಬಗ್ಗಿಸುವುದು ಬಿಟ್ಟು ಬೇರೆ ದಾರಿಯಿಲ್ಲ. ಸ್ಟೂಲು ಏರಿಸಿ ಮಣೆ ಮರೆತರೆ ಮಾತ್ರ ಮೊದಲ ಸಾಲಿನ ಹುಡುಗಿಯ ಪಾಡೇ ಎಲ್ಲರದೂ. ದೀಪವನ್ನೂ ಒಂದೇ ಕಡೆಗೆ ಬಿಗಿಯಬೇಡಿ. ಬಲಗೈಯವರಿಗೆ ಬೆಳಕು ಎಡದಿಂದ ಬರಬೇಕು, ಎಡಗೈಯವರಿಗೆ ಬಲದಿಂದ, ಇಲ್ಲದಿದ್ದರೆ ತಮ್ಮ ಕೈಯ ನೆರಳಿನಲ್ಲೇ ತಡಕಾಡುತ್ತಾರೆ. ನನ್ನ ಹನ್ನೆರಡು ಮಂದಿಯಲ್ಲಿ ಇಬ್ಬರು ಎಡಗೈಯವರು.

ಮನೆಯಲ್ಲಿ ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ, ಮೊದಲ ತಿಂಗಳು ಏನನ್ನೂ ಕೊಳ್ಳಬೇಡಿ. ಗೋಡೆಯ ಮೇಲೆ ಗೆರೆ ಎಳೆದುಕೊಳ್ಳಿ. ಒಬ್ಬರೇ ಅಳೆದುಕೊಳ್ಳಲು ಆಗದು, ಪಕ್ಕದಿಂದ ಯಾರಾದರೂ ನೋಡಬೇಕು, ನಾವು ನೆಟ್ಟಗೆ ಕೂತಿದ್ದೇವೆ ಅಂತ ನಮಗೆ ಯಾವಾಗಲೂ ಅನ್ನಿಸುತ್ತದೆ. ಇರುವ ಮೇಜಿನ ಮೇಲೆ ದಪ್ಪ ಹಲಗೆ ಇಟ್ಟು, ತೆಗೆದು, ಮತ್ತೆ ಇಟ್ಟು ನೋಡಿ. ಒಂದು ಎತ್ತರಕ್ಕೆ ಎರಡು ದಿನ ಕೊಡಿ. ಮೊದಲ ಅರ್ಧ ಗಂಟೆ ಯಾವ ಎತ್ತರವಾದರೂ ಚೆನ್ನಾಗಿಯೇ ಇರುತ್ತದೆ. ಎರಡನೆಯ ದಿನ ಸಂಜೆ ಎಲ್ಲಿ ನೋಯುತ್ತದೆ ಅನ್ನುವುದನ್ನು ಕೇಳಿ. ಭುಜದ ಮೇಲ್ಭಾಗ ಬಿಗಿದರೆ ಮೇಜು ಎತ್ತರವಾಯಿತು ಅಥವಾ ಮುಂಗೈಗೆ ಆಸರೆಯಿಲ್ಲ. ಕತ್ತಿನ ಹಿಂದೆ, ಬೆನ್ನಿನ ನಡುವೆ ನೋಯುತ್ತಿದ್ದರೆ ಮೇಜು ತಗ್ಗು, ಇಲ್ಲವೇ ಕನ್ನಡಕ ಸರಿಯಿಲ್ಲ. ತೊಡೆಯಡಿ, ಮೀನಖಂಡ ಆದರೆ ಸ್ಟೂಲು ಎತ್ತರ.

ಸ್ಟೂಲಿನ ಎತ್ತರ ಪರೀಕ್ಷಿಸಲು ನಾನು ಬಳಸಿದ್ದು ನಿಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳನ್ನೇ, ಬೇಸರ ಮಾಡಿಕೊಳ್ಳಬೇಡಿ. ಬಿಗಿಯಾಗಿ ದಾರ ಸುತ್ತಿದ ಕಟ್ಟನ್ನು ಆಸನದ ಮೇಲಿಟ್ಟು, ಮೇಲಿನಿಂದ ಒಂದೊಂದೇ ಸಂಚಿಕೆ ತೆಗೆಯುತ್ತಾ ಹೋಗಿ, ಪಾದ ಪೂರಾ ಊರುವ ತನಕ. ಪುರವಣಿಗಳನ್ನು ಬೇರೆ ತೆಗೆದಿಡಿ, ಆ ನುಣುಪು ಕಾಗದ ಜಾರುತ್ತದೆ. ಒಂದು ವಾರ ಕೂತ ಮೇಲೆ ಕಟ್ಟು ಅರ್ಧ ಇಂಚಿನಷ್ಟು ಕುಗ್ಗಿರುತ್ತದೆ, ಬಡಗಿಗೆ ಅಳತೆ ಕೊಡುವ ಮೊದಲು ಮತ್ತೊಮ್ಮೆ ಟೇಪು ಹಿಡಿಯಿರಿ.

ಇಂತಿ,
ಬೆಳ್ಳಿ ಕೆಲಸದ ನಿಮ್ಮ ಹಳೆಯ ಓದುಗಿತ್ತಿ